ಕ್ರಯಪತ್ರದೊಳಗಿನ ಷರತ್ತುಗಳು: ಸೈಟು, ಮನೆ, ಫ್ಲ್ಯಾಟಿನ ಮೇಲಿರುವ ನಿರ್ಬಂಧ ಹುಡುಕುವುದು, ತೂಗುವುದು, ಬಿಡಿಸಿಕೊಳ್ಳುವುದು

ಕ್ರಯಪತ್ರ ನೋಂದಣಿಯಾಗಿದೆ, ಖಾತೆ ಹೆಸರಿಗೆ ಬಂದಿದೆ, ಕಂದಾಯದ ರಸೀದಿ ಕೈಲಿದೆ. ಇಷ್ಟಾದ ಮೇಲೆ ಸ್ವತ್ತು ಪೂರ್ತಿ ನಮ್ಮದೇ ಎಂದು ಬಹಳ ಜನ ನಂಬುತ್ತಾರೆ. ಆದರೆ ‘ಹತ್ತು ವರ್ಷ ಪರಭಾರೆ (ಅಂದರೆ ಮಾರಾಟ, ದಾನ ಮುಂತಾದ ವರ್ಗಾವಣೆ) ಮಾಡಕೂಡದು’, ‘ವಾಸಕ್ಕಲ್ಲದೆ ಅನ್ಯ ಉದ್ದೇಶಕ್ಕೆ ಉಪಯೋಗಿಸತಕ್ಕದ್ದಲ್ಲ’, ‘ಉತ್ತರಕ್ಕೆ 10 ಅಡಿ ಓಡಾಟದ ದಾರಿ ಬಿಡತಕ್ಕದ್ದು’ ಎಂಬಂಥ ಒಂದು ಸಾಲು ಎಲ್ಲಾದರೂ ಕೂತಿದ್ದರೆ ಮಾರುವಾಗಲೋ, ಮೇಲೆ ಮಹಡಿ ಎತ್ತುವಾಗಲೋ, ಬ್ಯಾಂಕಿನ ವಕೀಲರು ಕಾಗದ ನೋಡುವಾಗಲೋ ಅದು ಎದುರಾಗುತ್ತದೆ. ಬಹಳ ಸಲ ಆ ಸಾಲು ನಿಮ್ಮ ಪತ್ರದಲ್ಲಿ ಇರುವುದೇ ಇಲ್ಲ. ಎರಡು ಮೂರು ಕೈ ಹಿಂದಿನ ಪತ್ರದಲ್ಲೋ, ಸರ್ಕಾರದ ಮಂಜೂರಾತಿ ಆದೇಶದಲ್ಲೋ, ಬಡಾವಣೆಯ ನಕ್ಷೆಯ ಅಂಚಿನಲ್ಲೋ ಇರುತ್ತದೆ.

ಈ ಬರಹ ಕರ್ನಾಟಕದ ಸ್ವತ್ತುಗಳಿಗೆ ಸಂಬಂಧಿಸಿದ್ದು. ಯಾವ ಷರತ್ತು ಕಂಡರೂ ಅದಕ್ಕೆ ನಾಲ್ಕು ಪ್ರಶ್ನೆ ಹಾಕಿ: ಹಾಕಿದವರು ಯಾರು? ಅದರ ಲಾಭ ಯಾರಿಗೆ? ಎಷ್ಟು ಕಾಲಕ್ಕೆ? ಮುರಿದರೆ ಏನಾಗುತ್ತದೆಂದು ಬರೆದಿದೆ? ಅದೇ ಮಾತನ್ನು ಸರ್ಕಾರ ಬರೆದಾಗ ಒಂದು ಬೆಲೆ, ಪಕ್ಕದ ಮನೆಯವರು ಬರೆಸಿಕೊಂಡಾಗ ಇನ್ನೊಂದು, ದುಡ್ಡು ಎಣಿಸಿಕೊಂಡು ಊರು ಬಿಟ್ಟ ಹಳೆಯ ಮಾಲೀಕ ಬರೆಸಿದ್ದಕ್ಕೆ ಮತ್ತೊಂದು.

ಮೊದಲು ಕಾಗದ ಕೂಡಿಸಿ

ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ., ಆರಂಭವಷ್ಟೇ. ವ್ಯವಹಾರ ನಡೆದಿದ್ದರೆ ನಮೂನೆ 15ರಲ್ಲಿ, ಇಲ್ಲದಿದ್ದರೆ ನಮೂನೆ 16ರಲ್ಲಿ ಬರುತ್ತದೆ. ಬರೆದುಕೊಟ್ಟವರು, ಬರೆಸಿಕೊಂಡವರು, ತಾರೀಖು, ಮೊಬಲಗು, ಸ್ವತ್ತಿನ ವಿವರ, ದಸ್ತಾವೇಜು ಸಂಖ್ಯೆ ಇಷ್ಟು ಸಿಗುತ್ತದೆ. ಪತ್ರದೊಳಗಿನ ಷರತ್ತು ಅಲ್ಲಿ ಕಾಣುವುದಿಲ್ಲ. ಹಾಗಾಗಿ ಇ.ಸಿ.ಯಲ್ಲಿ ಕಂಡ ಪ್ರತಿಯೊಂದು ದಸ್ತಾವೇಜಿನ ದೃಢೀಕೃತ ನಕಲು ತೆಗೆಸಬೇಕು. ಅರ್ಜಿಗೆ ಬೇಕಾದದ್ದು ಉಪನೋಂದಣಿ ಕಚೇರಿಯ ಹೆಸರು, ದಸ್ತಾವೇಜು ಸಂಖ್ಯೆ, ವರ್ಷ, ಪುಸ್ತಕ ಸಂಖ್ಯೆ. ಸ್ಥಿರಾಸ್ತಿಯ ಪತ್ರಗಳು 1ನೇ ಪುಸ್ತಕದಲ್ಲಿರುತ್ತವೆ. ಗಣಕೀಕರಣದ ನಂತರದವು ಕಾವೇರಿ ತಂತ್ರಾಂಶದಲ್ಲಿ ಸಿಗುತ್ತವೆ. ಅದಕ್ಕೂ ಹಿಂದಿನವಕ್ಕೆ ಕಚೇರಿಗೇ ಹೋಗಿ ಕೈಬರಹದ ಸೂಚಿ ಹುಡುಕಿಸಬೇಕು. ಉಪನೋಂದಣಿ ಕಚೇರಿಗಳು ಕಾಲಕಾಲಕ್ಕೆ ಒಡೆದು ಹೊಸವಾಗಿರುವುದರಿಂದ, ಹಳೆಯ ಪತ್ರ ಈಗಿನ ಕಚೇರಿಯಲ್ಲಿ ಸಿಗದಿದ್ದರೆ ಆ ಪ್ರದೇಶ ಹಿಂದೆ ಯಾವ ಕಚೇರಿಗೆ ಸೇರಿತ್ತೆಂದು ಕೇಳಿ.

ಇ.ಸಿ. ಕೇಳುವಾಗ ಜನ ಎಡವುವುದು ಸ್ವತ್ತಿನ ವಿವರದಲ್ಲಿ. ಜಮೀನು ಮೊದಲು ಸರ್ವೆ ನಂಬರಿನಲ್ಲಿತ್ತು, ಆಮೇಲೆ ಸೈಟ್ ನಂಬರಾಯಿತು, ನಂತರ ಪಂಚಾಯಿತಿ ಖಾತೆ ಸಂಖ್ಯೆ, ಕೊನೆಗೆ ನಗರ ಸಂಸ್ಥೆಯ ಸಂಖ್ಯೆ. ಒಂದೇ ಸಂಖ್ಯೆ ಕೊಟ್ಟು 30 ವರ್ಷದ ಇ.ಸಿ. ತೆಗೆಸಿದರೆ ಹಿಂದಿನ 20 ವರ್ಷ ಖಾಲಿ ಬರಬಹುದು. ಅದನ್ನು ‘ವ್ಯವಹಾರವಿಲ್ಲ’ ಎಂದು ಓದುವುದು ತಪ್ಪು. ಆಯಾ ಕಾಲದ ಸಂಖ್ಯೆಗೆ ಬೇರೆ ಬೇರೆ ಇ.ಸಿ. ತೆಗೆಸಿ, ಒಂದರ ಕೊನೆ ಮತ್ತೊಂದರ ಮೊದಲಿಗೆ ಕೂಡುವಂತೆ ನೋಡಿಕೊಳ್ಳಿ.

ನೋಂದಣಿಯಾಗದ ಯಾವುದೂ ಇ.ಸಿ.ಯಲ್ಲಿ ಬರುವುದಿಲ್ಲ. ತಹಶೀಲ್ದಾರರ ಮಂಜೂರಾತಿ ಆದೇಶ, ಸಾಗುವಳಿ ಚೀಟಿ (ಸರ್ಕಾರಿ ಜಮೀನು ಮಂಜೂರಾದವರಿಗೆ ಕೊಡುವ ಪತ್ರ), ಭೂಪರಿವರ್ತನೆ ಆದೇಶದ ಷರತ್ತು, ನಡೆಯುತ್ತಿರುವ ದಾವೆ ಇವೆಲ್ಲ ಈ ಸಾಲಿನವು. ಸ್ವತ್ತಿನ ಬೇರು ಕೃಷಿ ಜಮೀನಾಗಿದ್ದರೆ (ಕರ್ನಾಟಕದ ಬಡಾವಣೆಗಳಲ್ಲಿ ಬಹುಪಾಲು ಹಾಗೆಯೇ) ಕಂದಾಯ ಇಲಾಖೆಯ ಕಡತಕ್ಕೂ ಕೈ ಹಾಕಲೇಬೇಕು. ಕೈಬರಹದ ಪಹಣಿಗಳನ್ನು ಸಿಗುವಷ್ಟು ಹಿಂದಿನಿಂದ ತೆಗೆಸಿ. ಜಮೀನು ಯಾವ ರೀತಿ ಬಂತೆಂದು ಬರೆದ ಕಲಂ, ಇತರ ಹಕ್ಕು ಮತ್ತು ಋಣಗಳ ಕಲಂ ಎರಡನ್ನೂ ಓದಿ. ಅಲ್ಲಿ ‘ಸರ್ಕಾರಿ’, ‘ದರಖಾಸ್ತು’, ‘ಮಂಜೂರು’, ‘ಇನಾಂ’, ‘ಟೆನೆನ್ಸಿ’ ಎಂಬ ಪದ ಒಂದು ಸಲ ಕಂಡರೂ ಅದರ ಆದೇಶ ಸಂಖ್ಯೆ ಹಿಡಿದು ಮೂಲ ಕಡತದ ನಕಲು ಕೇಳಿ. ಕಡತ ಸಿಗಲಿಲ್ಲವೆಂಬ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಬಂದರೆ ಷರತ್ತು ಇಲ್ಲವೆಂದು ತಿಳಿಯಬೇಡಿ. ಹಾಗಾದಾಗ ಮಂಜೂರಾತಿ ವಹಿ, ಮ್ಯುಟೇಷನ್ ವಹಿಗಳ ನಕಲು ಕೇಳುವುದು ಮುಂದಿನ ಹೆಜ್ಜೆ.

ಪತ್ರವನ್ನು ಹಿಂದಿನಿಂದ ಓದಿ

ಮೊದಲ ಪುಟದಲ್ಲಿ ಹೆಸರು, ವಿಳಾಸ, ಮೊಬಲಗು ಇರುತ್ತವೆ. ನಿರ್ಬಂಧ ಅಲ್ಲಿ ಸಿಗುವುದು ಅಪರೂಪ. ಕೊನೆಯ ಷೆಡ್ಯೂಲಿನಿಂದ ಶುರು ಮಾಡಿ. ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ, ‘ಪೂರ್ವಕ್ಕೆ: ಉಭಯತರ ಓಡಾಟದ ಓಣಿ’ ಎಂದಿದ್ದರೆ ಆ ಓಣಿ ಯಾರ ಅಳತೆಯೊಳಗಿದೆ ಎಂದು ಅಡಿ ಲೆಕ್ಕ ಹಾಕಿ. ಲಗತ್ತಿಸಿದ ನಕ್ಷೆಯ ಅಂಚಿನ ಟಿಪ್ಪಣಿ ಓದಿ. ಆಮೇಲೆ ಪತ್ರದ ನಡುವಿನ ಕರಾರುಗಳಿಗೆ ಬಂದು, ಕೊನೆಗೆ ಸ್ವತ್ತು ಹೇಗೆ ಬಂತೆಂಬ ವಿವರಣೆಗೆ ಹೋಗಿ.

ಪೆನ್ಸಿಲ್ ಹಿಡಿದು ಈ ಪದಗಳಿಗೆಲ್ಲ ಗೆರೆ ಎಳೆಯಿರಿ: ತಕ್ಕದ್ದು, ತಕ್ಕದ್ದಲ್ಲ, ಕೂಡದು, ಒಳಪಟ್ಟು, ಹೊರತುಪಡಿಸಿ, ಬಾಧ್ಯಸ್ಥರು, ಉಭಯತರು, ಹಯಾತಿವರೆಗೆ. ಪತ್ರ ಇಂಗ್ಲಿಷಿನಲ್ಲಿದ್ದರೆ ‘ಸಬ್ಜೆಕ್ಟ್ ಟು’, ‘ಶಲ್ ನಾಟ್’, ‘ರಿಸರ್ವಿಂಗ್’, ‘ಎಕ್ಸೆಪ್ಟ್’. ಇವುಗಳಲ್ಲಿ ‘ಒಳಪಟ್ಟು’ ಎಂಬುದೇ ಹೆಚ್ಚು ಅಪಾಯದ್ದು. ‘ಹಿಂದಿನ ಪತ್ರದ ಷರತ್ತುಗಳಿಗೆ ಒಳಪಟ್ಟು ಕ್ರಯಕ್ಕೆ ಕೊಟ್ಟಿರುತ್ತೇವೆ’ ಎಂಬ ಅರ್ಧ ಸಾಲಿನಿಂದ ಹಿಂದಿನ ಇಡೀ ಪತ್ರ ನಿಮ್ಮ ಪತ್ರದೊಳಗೆ ಬಂದಂತಾಗುತ್ತದೆ. ಆ ಹಿಂದಿನ ಪತ್ರ ನೋಡದೆ ಸಹಿ ಹಾಕಬೇಡಿ.

ಒಂದೇ ಪತ್ರದಲ್ಲಿ ‘ಪುತ್ರಪೌತ್ರ ಪಾರಂಪರ್ಯವಾಗಿ ದಾನ, ಕ್ರಯಾದಿ ಪರಭಾರೆಗಳಿಗೆ ಅರ್ಹರಾಗಿ ಅನುಭವಿಸತಕ್ಕದ್ದು’ ಎಂಬ ಸಾಲೂ, ಅದರ ಕೆಳಗೆ ‘ಬೇರೆಯವರಿಗೆ ಮಾರಕೂಡದು’ ಎಂಬ ಸಾಲೂ ಒಟ್ಟಿಗೆ ಇರುವುದುಂಟು. ಎರಡನ್ನೂ ಹೊಂದಿಸಲು ಸಾಧ್ಯವೇ ಇಲ್ಲದಿದ್ದರೆ ಕ್ರಯಪತ್ರದಂಥ ದಸ್ತಾವೇಜಿನಲ್ಲಿ ಮೊದಲು ಬಂದ ಮಾತು ನಿಲ್ಲುತ್ತದೆ. ಉಯಿಲಿನಲ್ಲಾದರೆ ಕೊನೆಯ ಮಾತು ನಿಲ್ಲುತ್ತದೆ. ಪೂರ್ಣ ಹಕ್ಕು ಕೊಟ್ಟ ಮೇಲೆ ಹಾಕಿದ ಮಾರಾಟ ನಿಷೇಧಕ್ಕೆ ಬೆಲೆ ಕಡಿಮೆ ಎಂಬುದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಮುಂದಿನ ಭಾಗದಲ್ಲಿ ಬರುತ್ತದೆ.

ಯಾವ ಷರತ್ತು ನಿಲ್ಲುತ್ತದೆ, ಯಾವುದು ಬೀಳುತ್ತದೆ

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 10, 11 ಮತ್ತು 40ನೇ ಕಲಂಗಳನ್ನು ತಿಳಿದಿದ್ದರೆ ಖಾಸಗಿ ಷರತ್ತುಗಳಲ್ಲಿ ಮುಕ್ಕಾಲು ಪಾಲನ್ನು ನೀವೇ ವಿಂಗಡಿಸಬಹುದು.

10ನೇ ಕಲಂ: ಸ್ವತ್ತನ್ನು ಕೊಟ್ಟು, ಅದನ್ನು ಯಾರಿಗೂ ಎಂದಿಗೂ ಪರಭಾರೆ ಮಾಡಕೂಡದೆಂದು ಪೂರ್ತಿ ಕಟ್ಟಿಹಾಕಿದರೆ ಆ ಷರತ್ತು ಶೂನ್ಯ, ವರ್ಗಾವಣೆ ಮಾತ್ರ ಊರ್ಜಿತ. ಭಾಗಶಃ ನಿರ್ಬಂಧದ ಕಥೆ ಬೇರೆ. ಪಾಲುಪಟ್ಟಿಯಲ್ಲಿ ‘ಮಾರುವುದಾದರೆ ಮೊದಲು ಅಣ್ಣತಮ್ಮಂದಿರನ್ನು ಕೇಳತಕ್ಕದ್ದು’ ಎಂದಿದ್ದರೆ ಅದು ಪೂರ್ಣ ನಿಷೇಧವಲ್ಲ, ಸಾಮಾನ್ಯವಾಗಿ ನಿಲ್ಲುತ್ತದೆ. ಆದರೆ ‘ಅಣ್ಣನಿಗೇ ಮಾರಬೇಕು, ಅದೂ ಇಂದಿನ ಬೆಲೆಗೆ, ಎಂದೆಂದಿಗೂ’ ಎಂದಿದ್ದರೆ ಹೆಸರಿಗೆ ಭಾಗಶಃ ಆದರೂ ಪರಿಣಾಮದಲ್ಲಿ ಪೂರ್ಣ ನಿಷೇಧ ಎಂದು ವಾದಿಸಬಹುದು. 10ನೇ ಕಲಮಿಗೆ ಗುತ್ತಿಗೆಯ ವಿನಾಯಿತಿ ಇದೆ: ಗುತ್ತಿಗೆ ಕೊಟ್ಟವರ ಹಿತಕ್ಕಾಗಿ ಹಾಕಿದ ಪರಭಾರೆ ನಿಷೇಧ ಊರ್ಜಿತ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಸೈಟುಗಳ ವಿಚಾರದಲ್ಲಿ ಈ ವಿನಾಯಿತಿ ಮತ್ತೆ ಬರುತ್ತದೆ.

11ನೇ ಕಲಂ: ಪೂರ್ಣ ಹಕ್ಕು ಕೊಟ್ಟ ಮೇಲೆ ‘ಹೀಗೇ ಅನುಭವಿಸಬೇಕು’ ಎಂದು ಹಾಕಿದ ಷರತ್ತನ್ನು ಕೊಂಡವರು ಪಾಲಿಸಬೇಕಿಲ್ಲ. ಒಂದು ಸಂದರ್ಭ ಬಿಟ್ಟು: ಮಾರಿದವರು ತಮ್ಮದೇ ಇನ್ನೊಂದು ಸ್ವತ್ತಿನ ಅನುಕೂಲಕ್ಕಾಗಿ ಆ ಷರತ್ತು ಹಾಕಿದ್ದರೆ ಅದನ್ನು ಜಾರಿ ಮಾಡಿಸಬಹುದು. ದೊಡ್ಡ ಕಾಂಪೌಂಡಿನ ಮನೆಯವರು ಹಿಂದಿನ ಅರ್ಧ ಜಾಗ ಮಾರುತ್ತಾ ‘ನಮ್ಮ ಅಡುಗೆಮನೆಗೆ ಗಾಳಿ ಬೆಳಕು ಬರಲು ಗಡಿಯಿಂದ 8 ಅಡಿ ಖಾಲಿ ಬಿಡತಕ್ಕದ್ದು’ ಎಂದು ಬರೆಸಿದರೆ ಆ ಷರತ್ತಿಗೆ ಲಾಭ ಪಡೆಯುವ ಜಾಗವೊಂದು ಇದೆ. ಮಾರಿದವರು ಇಡೀ ಜಾಗ ಮಾರಿ ಸುತ್ತಮುತ್ತ ಒಂದಡಿಯೂ ಇಟ್ಟುಕೊಳ್ಳದೆ ‘ಇಲ್ಲಿ ಹೋಟೆಲು ನಡೆಸಕೂಡದು’ ಎಂದು ಬರೆಸಿದ್ದರೆ ಅಂಥ ಜಾಗವೇ ಇಲ್ಲ, ಷರತ್ತೂ ಸಡಿಲ.

40ನೇ ಕಲಂ ಮುಂದಿನ ಕೊಳ್ಳುವವರ ವಿಚಾರ. ಪಕ್ಕದ ಸ್ವತ್ತಿನ ಹಿತಕ್ಕಾಗಿ ಇರುವ ‘ಇದನ್ನು ಮಾಡಬೇಡ’ ಎಂಬ ನಿರ್ಬಂಧ, ಅದರ ತಿಳಿವಳಿಕೆ ಇದ್ದು ಕೊಂಡವರನ್ನೂ, ದಾನವಾಗಿ ಪಡೆದವರನ್ನೂ ಕಟ್ಟುತ್ತದೆ. ಹಣ ಕೊಟ್ಟು, ತಿಳಿಯದೆ ಕೊಂಡವರನ್ನು ಕಟ್ಟುವುದಿಲ್ಲ. ‘ನನಗೆ ಗೊತ್ತಿರಲಿಲ್ಲ’ ಎನ್ನುವುದು ಸುಲಭವಲ್ಲ. ನಿಮ್ಮ ಹಕ್ಕಿನ ಸರಪಳಿಯಲ್ಲಿರುವ ನೋಂದಾಯಿತ ಪತ್ರದಲ್ಲಿ ಇದ್ದುದೆಲ್ಲ ನಿಮಗೆ ಗೊತ್ತಿದೆ ಎಂದೇ 3ನೇ ಕಲಂ ಭಾವಿಸುತ್ತದೆ. ಈ ತತ್ತ್ವದ ಮೂಲ ಲಂಡನ್ನಿನ ಲೆಸ್ಟರ್ ಚೌಕದ ತೋಟದ ಬಗ್ಗೆ 1848ರಲ್ಲಿ ಬಂದ ಟಲ್ಕ್ ವಿರುದ್ಧ ಮಾಕ್ಸೇ ತೀರ್ಪು. ತೋಟವನ್ನು ತೋಟವಾಗಿಯೇ ಇಡಬೇಕೆಂಬ ಷರತ್ತು ಗೊತ್ತಿದ್ದೂ ಕೊಂಡವರು ಅಲ್ಲಿ ಕಟ್ಟಡ ಕಟ್ಟುವಂತಿಲ್ಲ ಎಂದಾಯಿತು.

‘ಮಾಡಬೇಡ’ ಎಂಬುದು ಜಮೀನಿನ ಜೊತೆ ಸಾಗುತ್ತದೆ. ‘ಮಾಡು’, ‘ಕೊಡು’ ಎಂಬುದು ಸಾಮಾನ್ಯವಾಗಿ ಸಹಿ ಹಾಕಿದವರಲ್ಲೇ ನಿಲ್ಲುತ್ತದೆ. ತಿಂಗಳಿಗೆ ಇಷ್ಟು ನಿರ್ವಹಣಾ ಶುಲ್ಕ ಕೊಡಬೇಕು, ಕಾಂಪೌಂಡ್ ಗೋಡೆಗೆ ಸುಣ್ಣ ಹೊಡೆಸಬೇಕು ಎಂಬಂಥವು ಎರಡನೇ ಖರೀದಿದಾರರನ್ನು ತಾನಾಗಿ ಕಟ್ಟುವುದಿಲ್ಲ. ಇದು ಡೆವಲಪರುಗಳಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಮರುಮಾರಾಟದ ವೇಳೆ ‘ನಿರಾಕ್ಷೇಪಣಾ ಪತ್ರ ಬೇಕು, ಹೊಸಬರು ಈ ಕರಾರಿಗೆ ಸಹಿ ಹಾಕಬೇಕು’ ಎಂದು ಮೊದಲ ಪತ್ರದಲ್ಲೇ ಬರೆಸಿರುತ್ತಾರೆ. ಅಂಥ ಕಾಗದ ಮುಂದಿಟ್ಟರೆ ಸಹಿಗೆ ಮೊದಲು ಶುಲ್ಕ ಏರಿಸುವ ಅಧಿಕಾರ ಯಾರಿಗೆ, ಬಾಕಿಗೆ ಬಡ್ಡಿ ಎಷ್ಟು ಎಂದು ನೋಡಿ.

ಬಿಡಿಎ ಸೈಟುಗಳು

ಬಿಡಿಎ ಹಂಚಿದ ಸೈಟಿನ ಮೊದಲ ಪತ್ರ ಬಹಳ ಸಲ ಶುದ್ಧ ಕ್ರಯಪತ್ರವಾಗಿರುವುದಿಲ್ಲ, ಲೀಸ್ ಕಮ್ ಸೇಲ್ ಕರಾರಾಗಿರುತ್ತದೆ. 1984ರ ನಿವೇಶನ ಹಂಚಿಕೆ ನಿಯಮಗಳ ಪ್ರಕಾರ ಗುತ್ತಿಗೆಯ ಅವಧಿ 10 ವರ್ಷ. ಅಷ್ಟು ಕಾಲ ಹಂಚಿಕೆದಾರರು ಕಾನೂನಿನ ಕಣ್ಣಿನಲ್ಲಿ ಗುತ್ತಿಗೆದಾರರು, ಮಾಲೀಕತ್ವ ಪ್ರಾಧಿಕಾರದ್ದೇ. 10ನೇ ಕಲಮಿನ ವಿನಾಯಿತಿ ಇಲ್ಲಿ ಕೆಲಸ ಮಾಡುತ್ತದೆ: ಗುತ್ತಿಗೆಯಾದ್ದರಿಂದ ಪರಭಾರೆ ನಿಷೇಧ ಊರ್ಜಿತ. ‘ಪೂರ್ತಿ ಹಣ ಕಟ್ಟಿದ್ದೇನೆ, ಮಾರಿದರೇನು’ ಎಂಬ ವಾದ ನಡೆಯುವುದಿಲ್ಲ.

ನಿಗದಿತ ಅವಧಿಯೊಳಗೆ ಮನೆ ಕಟ್ಟಬೇಕೆಂಬ ಷರತ್ತೂ ಅದರಲ್ಲಿರುತ್ತದೆ. ಅವಧಿ, ದಂಡ, ರದ್ದತಿಯ ಮಾತು ಹಂಚಿಕೆಯ ಕಾಲಕ್ಕೆ ತಕ್ಕಂತೆ ಬೇರೆ ಬೇರೆ. ಪಕ್ಕದ ಸೈಟಿನವರ ಪತ್ರ ನೋಡಿ ಲೆಕ್ಕ ಹಾಕಬೇಡಿ. ಮನೆ ಸಾಲಕ್ಕೆ ಅಡಮಾನ ಇಡುವ ಅವಕಾಶ ಇದ್ದರೆ ಯಾವ ಸಂಸ್ಥೆಗಳಿಗೆ, ಮೊದಲೇ ಅನುಮತಿ ಬೇಕೇ ಎಂಬುದೂ ಪತ್ರದಲ್ಲೇ ಇರುತ್ತದೆ.

ಅವಧಿ ಮುಗಿದ ಮೇಲೆ ಶುದ್ಧ ಕ್ರಯಪತ್ರ ತಾನಾಗಿ ಮನೆಗೆ ಬರುವುದಿಲ್ಲ. ಅರ್ಜಿ ಹಾಕಿ ಪಡೆಯಬೇಕು. ಮೂಲ ಲೀಸ್ ಕಮ್ ಸೇಲ್ ಪತ್ರ, ಸ್ವಾಧೀನ ಪತ್ರ, ಹಂಚಿಕೆ ಪತ್ರ, ಹಣ ಕಟ್ಟಿದ ಚಲನ್‌ಗಳು, ಇಲ್ಲಿಯವರೆಗಿನ ಕಂದಾಯ ರಸೀದಿ, ಇ.ಸಿ., ಕಟ್ಟಿದ ಮನೆಯ ಫೋಟೊ ಜೋಡಿಸಿಡಿ. ಹಂಚಿಕೆದಾರರು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ವರ್ಗ ಮಾಡಿಸಿಕೊಂಡು ಆಮೇಲೆ ಕ್ರಯಪತ್ರ ಕೇಳಬೇಕು. ಚಲನ್ ಕಳೆದುಕೊಂಡವರ ಕಡತ ಎಲ್ಲಕ್ಕಿಂತ ನಿಧಾನವಾಗಿ ಸಾಗುತ್ತದೆ. ಹಂಚಿಕೆಯ ದಿನದಿಂದಲೇ ಅವನ್ನೆಲ್ಲ ಒಂದೇ ಕಡೆ ಇಡುವುದು ಮೇಲು.

ನಿಷೇಧದ ಅವಧಿಯೊಳಗೆ ಕ್ರಯದ ಕರಾರು, ಜಿಪಿಎ (ಸಾಮಾನ್ಯ ಅಧಿಕಾರ ಪತ್ರ), ಉಯಿಲು, ಸ್ವಾಧೀನದ ಅಫಿಡವಿಟ್ಟು ನಾಲ್ಕನ್ನೂ ಒಟ್ಟಿಗೆ ಬರೆಸಿಕೊಂಡು ಸೈಟು ‘ಕೊಳ್ಳುವ’ ಪದ್ಧತಿ ಬೆಂಗಳೂರಿನಲ್ಲಿ ಹಳೆಯದು. ಜಿಪಿಎ ಮೂಲಕ ಮಾಲೀಕತ್ವ ವರ್ಗವಾಗುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಬರೆದುಕೊಟ್ಟವರು ತೀರಿಕೊಂಡರೆ ಜಿಪಿಎ ಸಾಮಾನ್ಯವಾಗಿ ಮುಗಿಯಿತು, ಉಯಿಲನ್ನು ಅವರು ಬದುಕಿರುವಾಗ ಎಂದು ಬೇಕಾದರೂ ಬದಲಾಯಿಸಬಹುದು. ಗೇಣಿದಾರರಿಗೆ ಸಿಕ್ಕ ಜಮೀನಿನ ಮೇಲೆ ಭೂಸುಧಾರಣಾ ಕಾಯ್ದೆಯ 61ನೇ ಕಲಂ ಹಾಕುವ 15 ವರ್ಷದ ಪರಭಾರೆ ನಿಷೇಧದೊಳಗೆ ಮಾಡಿಕೊಂಡ ಕರಾರನ್ನು ಜಾರಿ ಮಾಡಲಾಗದೆಂದೂ 2019ರಲ್ಲಿ ಅದೇ ನ್ಯಾಯಾಲಯ ಹೇಳಿದೆ. ಆ ಪ್ರಕರಣ ಕರ್ನಾಟಕದ್ದೇ. ಬೆಲೆ ಕಡಿಮೆ ಎಂದು ಈ ದಾರಿ ಹಿಡಿಯುವವರು ಕೊಳ್ಳುತ್ತಿರುವುದು ಸೈಟನ್ನಲ್ಲ, ಒಂದು ದಾವೆಯನ್ನು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಸರ್ಕಾರ ಮಂಜೂರು ಮಾಡಿದ ಜಮೀನು

ಎಲ್ಲಕ್ಕಿಂತ ಭಾರದ ಷರತ್ತು ಇದು. 10ನೇ ಕಲಂ ಇಲ್ಲಿ ನೆರವಿಗೆ ಬರುವುದಿಲ್ಲ. ಸರ್ಕಾರ ಕೊಡುವ ಮಂಜೂರಾತಿಗೆ ಅದರದೇ ಷರತ್ತೇ ಕಾನೂನು. ಸಾಗುವಳಿ ಚೀಟಿಯ ಹಿಂಬದಿಯಲ್ಲಿ ಇಷ್ಟು ವರ್ಷ ಪರಭಾರೆ ಮಾಡಕೂಡದೆಂದು ಅಚ್ಚಾಗಿರುತ್ತದೆ. ಮಂಜೂರಾದ ವರ್ಷದಲ್ಲಿ ಯಾವ ನಿಯಮ ಜಾರಿಯಲ್ಲಿತ್ತೋ ಅದರಂತೆ ಅವಧಿ ಬದಲಾಗುತ್ತದೆ. ಹಳೆಯ ಕೆಲವು ಮಂಜೂರಾತಿಗಳಲ್ಲಿ ನಿಷೇಧ ಶಾಶ್ವತ.

ಮಂಜೂರಾತಿ ಪಡೆದವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ ಅವರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ, ಪಿಟಿಸಿಎಲ್ ಎಂದೇ ಹೆಸರಾದ 1978ರ ಕಾಯ್ದೆ ಬರುತ್ತದೆ. ಜಾರಿಗೆ ಬಂದದ್ದು 1979ರ ಜನವರಿ 1ರಂದು. ಅದಕ್ಕೂ ಮೊದಲೇ ಷರತ್ತು ಮೀರಿ ಆದ ಮಾರಾಟವನ್ನೂ 4ನೇ ಕಲಂ ಶೂನ್ಯ ಎನ್ನುತ್ತದೆ. ನಂತರದ ಯಾವುದೇ ವರ್ಗಾವಣೆಗೆ ಸರ್ಕಾರದ ಪೂರ್ವಾನುಮತಿ ಬೇಕು. 15 ವರ್ಷ ಕಳೆದಿದೆ, ಇನ್ನು ಅನುಮತಿ ಬೇಡ ಎಂದು ದಲ್ಲಾಳಿಗಳು ಹೇಳುವುದು ತಪ್ಪು. ನಿಷೇಧದ ಅವಧಿ ಮುಗಿದ ಮೇಲೂ ಅನುಮತಿ ಬೇಕು, ಅದೂ ಕ್ರಯಕ್ಕೆ ಮೊದಲೇ. ಉಲ್ಲಂಘನೆ ಸಾಬೀತಾದರೆ 5ನೇ ಕಲಮಿನಡಿ ಉಪವಿಭಾಗಾಧಿಕಾರಿ ಜಮೀನನ್ನು ವಶಕ್ಕೆ ಪಡೆದು ಮೂಲ ಮಂಜೂರಾತಿದಾರರಿಗೋ ಅವರ ವಾರಸುದಾರರಿಗೋ ಮರಳಿಸುತ್ತಾರೆ. ಮೇಲ್ಮನವಿ ಜಿಲ್ಲಾಧಿಕಾರಿಗೆ.

ದಶಕಗಳ ನಂತರ ಅರ್ಜಿ ಹಾಕಿದರೆ ಪುರಸ್ಕರಿಸಲಾಗದು, ‘ಸಮಂಜಸ ಅವಧಿ’ಯೊಳಗೆ ಬರಬೇಕು ಎಂಬ ಸುಪ್ರೀಂ ಕೋರ್ಟಿನ ನಿಲುವು ಹಳೆಯ ಖರೀದಿದಾರರಿಗೆ ಆಸರೆಯಾಗಿತ್ತು. 2023ರಲ್ಲಿ ರಾಜ್ಯ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಕಾಲಮಿತಿ ಅನ್ವಯಿಸದೆಂದು ಹೇಳಿತು. ವಿಳಂಬದ ವಾದ ಆ ಮೇಲೂ ನ್ಯಾಯಾಲಯಗಳಲ್ಲಿ ಮುಗಿದಿಲ್ಲ. ಕೊಳ್ಳುವವರು ಅದನ್ನು ನೆಚ್ಚಿ ಹಣ ಹಾಕುವಂತಿಲ್ಲ. ಭೂಪರಿವರ್ತನೆಯಾಗಿ ಸೈಟುಗಳಾಗಿವೆ, ಬ್ಯಾಂಕು ಸಾಲ ಕೊಟ್ಟಿದೆ, ಪಕ್ಕದಲ್ಲಿ ಹತ್ತು ಮನೆ ಎದ್ದಿವೆ ಎಂಬ ಯಾವುದೂ ಮೂಲದ ದೋಷವನ್ನು ತಾನಾಗಿ ತೊಳೆಯುವುದಿಲ್ಲ.

ಅಡಿಗಲ್ಲಿನವರೆಗೆ ಹೋಗಿ ನೋಡಬೇಕಾದ್ದು ಇಷ್ಟು: ಮೂಲ ಮಂಜೂರಾತಿ ಯಾರಿಗೆ, ಯಾವ ಇಸವಿ, ಯಾವ ಷರತ್ತು, ಮೊದಲ ಮಾರಾಟ ಯಾವಾಗ, ಅದಕ್ಕೆ ಅನುಮತಿ ಆದೇಶ ಇದೆಯೇ. ‘ಪಿಟಿಸಿಎಲ್ ಪ್ರಕರಣ ದಾಖಲಾಗಿಲ್ಲ’ ಎಂಬ ಹಿಂಬರಹವನ್ನು ಉಪವಿಭಾಗಾಧಿಕಾರಿ ಕಚೇರಿಯಿಂದ ತೆಗೆದುಕೊಳ್ಳುತ್ತಾರೆ, ತೆಗೆದುಕೊಳ್ಳಿ. ಆದರೆ ಅದು ಇವತ್ತಿನ ಮಾತು. ನಾಳೆ ಪ್ರಕರಣ ಬರುವುದನ್ನು ತಡೆಯುವುದಿಲ್ಲ.

ತೋಟಿ, ತಳವಾರಿ, ನೀರಗಂಟಿ ಮುಂತಾದ ಗ್ರಾಮ ಸೇವಾ ಇನಾಂ ಜಮೀನುಗಳು ಪಿಟಿಸಿಎಲ್ ವ್ಯಾಪ್ತಿಗೆ ಬರುವುದಿಲ್ಲ. ಅವಕ್ಕೆ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಬೇರೆಯೇ ಇದೆ. ಆ ಕಾಯ್ದೆಯಡಿ ಮರುಮಂಜೂರಾದ ಜಮೀನಿಗೆ 1978ರ ತಿದ್ದುಪಡಿ 15 ವರ್ಷದ ಪರಭಾರೆ ನಿಷೇಧ ತಂದಿತು.

ಖಾಸಗಿ ಬಡಾವಣೆ

ಇಲ್ಲಿ ಎರಡು ಬಗೆಯ ಕಟ್ಟುಗಳು ಬೆರೆತಿರುತ್ತವೆ. ಒಂದು ಬಡಾವಣೆಗೆ ಅನುಮೋದನೆ ಕೊಟ್ಟ ಪ್ರಾಧಿಕಾರದ್ದು: ರಸ್ತೆ, ಪಾರ್ಕು, ನಾಗರಿಕ ಸೌಲಭ್ಯದ ಜಾಗಗಳನ್ನು ಹಕ್ಕು ಬಿಡುಗಡೆ ಪತ್ರದ ಮೂಲಕ ಬಿಟ್ಟುಕೊಡಬೇಕು. ಆ ಪತ್ರದ ನಕಲು ತೆಗೆಸಿ, ಅದರ ನಕ್ಷೆಯನ್ನು ನಿಮ್ಮ ಸೈಟಿನ ನಕ್ಷೆಯ ಮೇಲಿಟ್ಟು ನೋಡಿ. ಪಾರ್ಕಿನಲ್ಲಿ ಸೈಟು ಕಡಿದು ಮಾರಿದ ಪ್ರಕರಣಗಳು ಹೊರಬೀಳುವುದೇ ಹೀಗೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಮೀಸಲಾದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದನ್ನು ಸುಪ್ರೀಂ ಕೋರ್ಟು 1991ರ ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣದಲ್ಲಿ ಒಪ್ಪಲಿಲ್ಲ. ಪ್ರಶ್ನಿಸಲು ಬಡಾವಣೆಯ ನಿವಾಸಿಗಳಿಗೆ ಹಕ್ಕಿದೆ ಎಂದೂ ಹೇಳಿತು.

ಇನ್ನೊಂದು ಡೆವಲಪರ್ ಹಾಕಿದ್ದು: ಎರಡೇ ಮಹಡಿ, ಒಂದೇ ಬಗೆಯ ಕಾಂಪೌಂಡು, ಎರಡು ಸೈಟು ಕೂಡಿಸಕೂಡದು, ಅಂಗಡಿ ಇಡಕೂಡದು. ಎಲ್ಲ ಸೈಟಿನ ಪತ್ರದಲ್ಲೂ ಒಂದೇ ಷರತ್ತು ಇದ್ದು, ಪರಸ್ಪರ ಹಿತಕ್ಕಾಗಿ ಎಂದು ಬರೆದಿದ್ದರೆ ಅದರ ಬಲ ಹೆಚ್ಚು. ಯಾವ ಸೈಟುದಾರರಾದರೂ ಅದರ ಲಾಭ ಕೇಳಬಹುದು. ಕೆಲವು ಪತ್ರಗಳಲ್ಲಿ ಮಾತ್ರ ಇದ್ದರೆ ಬಲ ಕಡಿಮೆ. ನಾಲ್ಕೈದು ನೆರೆಯವರ ಪತ್ರ ನೋಡದೆ ಇದನ್ನು ಹೇಳಲಾಗದು. ನಗರ ಸಂಸ್ಥೆ ಮೂರು ಮಹಡಿಗೆ ನಕ್ಷೆ ಮಂಜೂರು ಮಾಡಿದ್ದರಿಂದ ಪತ್ರದ ಷರತ್ತು ರದ್ದಾಗುವುದಿಲ್ಲ, ಪತ್ರ ಸುಮ್ಮನಿದೆಯೆಂದು ವಲಯ ನಿಯಮ ಸಡಿಲವಾಗುವುದೂ ಇಲ್ಲ. ಎರಡರಲ್ಲಿ ಬಿಗಿಯಾದದ್ದನ್ನು ಪಾಲಿಸಿ.

ಗೃಹ ನಿರ್ಮಾಣ ಸಹಕಾರ ಸಂಘದ ಸೈಟಾಗಿದ್ದರೆ ಪತ್ರದ ಜೊತೆಗೆ ಸಂಘದ ಉಪವಿಧಿಯನ್ನೂ ಓದಿ. ಉಪವಿಧಿ ಸದಸ್ಯರ ನಡುವಿನ ಕರಾರಿನಂತೆ ನಿಲ್ಲುತ್ತದೆ. ಅಹಮದಾಬಾದಿನ ಪಾರ್ಸಿ ಸಹಕಾರಿ ವಸತಿ ಸಂಘವೊಂದು ಸದಸ್ಯತ್ವವನ್ನು ಪಾರ್ಸಿಗಳಿಗೇ ಸೀಮಿತಗೊಳಿಸಿದ್ದನ್ನು 2005ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದಿದೆ. ತೀರ್ಪಿನ ಬಗ್ಗೆ ಟೀಕೆ ಸಾಕಷ್ಟಿದೆ, ಆದರೆ ಉಪವಿಧಿಯನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ ಎಂಬುದಕ್ಕೆ ಅದು ಸಾಕ್ಷಿ.

ಫ್ಲ್ಯಾಟು

ಫ್ಲ್ಯಾಟಿನ ಕ್ರಯಪತ್ರಕ್ಕಿಂತ ಮುಖ್ಯವಾದ ಕಾಗದ ಡೀಡ್ ಆಫ್ ಡಿಕ್ಲರೇಷನ್, ಅಂದರೆ ಕಟ್ಟಡವನ್ನು ಅಪಾರ್ಟ್‌ಮೆಂಟ್ ಕಾಯ್ದೆಗೆ ಒಳಪಡಿಸುವ ಘೋಷಣಾ ಪತ್ರ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಅನ್ವಯಿಸುವುದು ಮಾಲೀಕರು ಅದನ್ನು ಬರೆದು ನೋಂದಾಯಿಸಿದ್ದರೆ ಮಾತ್ರ. ಇ.ಸಿ.ಯಲ್ಲಿ ಹುಡುಕಿ, ಉಪವಿಧಿಯ ಸಮೇತ ನಕಲು ತೆಗೆಸಿ. ಜಮೀನಿನಲ್ಲಿ ನಿಮ್ಮ ಅವಿಭಾಜ್ಯ ಪಾಲು ಕ್ರಯಪತ್ರದಲ್ಲೂ ಡಿಕ್ಲರೇಷನ್ನಿನಲ್ಲೂ ಒಂದೇ ಇದೆಯೇ, ಟೆರೇಸು ಮತ್ತು ಪಾರ್ಕಿಂಗ್ ‘ಸಾಮಾನ್ಯ’ವೇ ‘ಸೀಮಿತ ಸಾಮಾನ್ಯ’ವೇ (ಕೆಲವರ ಬಳಕೆಗೆ ಮಾತ್ರ ಮೀಸಲಾದದ್ದೇ), ಮುಂದೆ ಇನ್ನೊಂದು ಬ್ಲಾಕ್ ಕಟ್ಟುವ ಹಕ್ಕನ್ನು ಬಿಲ್ಡರ್ ಇಟ್ಟುಕೊಂಡಿದ್ದಾರೆಯೇ ನೋಡಿ.

ಕಾಯ್ದೆಯ ಪ್ರಕಾರ ಡಿಕ್ಲರೇಷನ್ ಮತ್ತು ಉಪವಿಧಿಯ ಷರತ್ತುಗಳು ಪ್ರತಿ ಮಾಲೀಕರನ್ನೂ ಕಟ್ಟುತ್ತವೆ. ಮುರಿದರೆ ಸಂಘ ತಡೆಯಾಜ್ಞೆ, ನಷ್ಟ ಪರಿಹಾರ ಕೇಳಬಹುದು. ಕಟ್ಟಡದ ಭದ್ರತೆಗೆ ಧಕ್ಕೆ ತರುವ ಕೆಲಸಕ್ಕೆ ಉಳಿದ ಎಲ್ಲ ಮಾಲೀಕರ ಒಪ್ಪಿಗೆ ಬೇಕು. ಬಾಲ್ಕನಿ ಮುಚ್ಚಿ ಕೋಣೆ ಮಾಡಲು ಗೋಡೆ ಒಡೆಯುವವರು ಎಡವುವುದು ಇಲ್ಲಿ. ಮುಂಚೆ ಹೇಳಿದ ‘ಕೊಡು’ ಷರತ್ತಿನ ಸಾಮಾನ್ಯ ನಿಯಮ ನಿರ್ವಹಣಾ ವೆಚ್ಚದ ವಿಷಯದಲ್ಲಿ ಇಲ್ಲಿ ತಿರುಗಿಬೀಳುತ್ತದೆ: ಬಾಕಿ ಫ್ಲ್ಯಾಟಿನ ಮೇಲೇ ಭಾರವಾಗಿ ಕೂರುತ್ತದೆ, ಕೊಂಡವರೂ ಹೊಣೆ. ಕ್ರಯಕ್ಕೆ ಮೊದಲು ಸಂಘದಿಂದ ಬಾಕಿ ಇಲ್ಲವೆಂಬ ಪತ್ರ ಪಡೆಯಿರಿ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಅಡಿಯ ಯೋಜನೆಯಲ್ಲಿ ಮಂಜೂರಾದ ನಕ್ಷೆ, ಸಾಮಾನ್ಯ ಜಾಗ ಬದಲಿಸಲು ಮೂರರಲ್ಲಿ ಎರಡು ಪಾಲು ಹಂಚಿಕೆದಾರರ ಲಿಖಿತ ಒಪ್ಪಿಗೆ ಬೇಕು. ಆ ಒಪ್ಪಿಗೆಯನ್ನು ಕ್ರಯದ ಕರಾರಿನಲ್ಲೇ ಮುಂಗಡವಾಗಿ ಬರೆಸಿಕೊಳ್ಳುವ ಸಾಲಿದ್ದರೆ ಹೊಡೆದುಹಾಕಲು ಕೇಳಿ.

ಮನೆಯೊಳಗಿನ ಪತ್ರಗಳು

ದಾನಪತ್ರದಲ್ಲಿ ‘ನಮ್ಮ ಹಯಾತಿವರೆಗೆ ಕೆಳಮನೆಯಲ್ಲಿ ನಾವೇ ವಾಸವಿರತಕ್ಕದ್ದು’ ಎಂದು ತಂದೆ ತಾಯಿ ಬರೆದಿದ್ದರೆ ಅದು ಜೀವಮಾನದ ಹಕ್ಕು. ಮಗನಿಂದ ಕೊಳ್ಳುವವರು ಅವರನ್ನೂ ಕ್ರಯಪತ್ರಕ್ಕೆ ಪಕ್ಷಗಾರರನ್ನಾಗಿ ಮಾಡಿಸಬೇಕು, ಬರೀ ಸಾಕ್ಷಿ ಸಹಿ ಸಾಲದು. ‘ನನಗೆ ಇಷ್ಟ ಬಂದಾಗ ದಾನ ರದ್ದು’ ಎಂಬ ಷರತ್ತಿನ ದಾನ ನಿಲ್ಲುವುದಿಲ್ಲ, ಸ್ವತ್ತು ವರ್ಗಾವಣೆ ಕಾಯ್ದೆಯ 126ನೇ ಕಲಂ ನೋಡಿ. ಹಿರಿಯರಿಗೆ ಮೇಲಾದ ರಕ್ಷಣೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ: ಊಟ, ಆರೈಕೆ ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟದ್ದನ್ನು ನೋಡಿಕೊಳ್ಳದಿದ್ದರೆ ನ್ಯಾಯಮಂಡಳಿ ರದ್ದುಪಡಿಸಬಹುದು. ಷರತ್ತು ಪತ್ರದಲ್ಲೇ ಬರೆದಿದ್ದರೆ ವಾದ ಸುಲಭ. ‘ಪ್ರೀತಿ ವಿಶ್ವಾಸದಿಂದ’ ಎಂದಷ್ಟೇ ಬರೆದು ಬಿಡುವ ಪತ್ರಬರಹಗಾರರಿಗೆ ಈ ಸಾಲನ್ನು ನೀವೇ ನೆನಪಿಸಬೇಕು.

ಷರತ್ತು ಸಿಕ್ಕ ಮೇಲೆ

ಕೊಳ್ಳುವ ಮೊದಲೇ ಸಿಕ್ಕಿದರೆ, ಮುಂಗಡ ಕೊಡುವ ಕರಾರಿನಲ್ಲಿ ಷರತ್ತನ್ನು ಅದರ ಮೂಲ ಪತ್ರದ ಸಂಖ್ಯೆಯೊಂದಿಗೆ ಬರೆಸಿ, ಮಾರುವವರು ಇಂತಿಷ್ಟು ದಿನದಲ್ಲಿ ತೆರವು ಮಾಡಿಸಬೇಕು, ತಪ್ಪಿದರೆ ಮುಂಗಡ ವಾಪಸು ಎಂದು ಸೇರಿಸಿ. ಹಕ್ಕಿನಲ್ಲಿರುವ ದೋಷವನ್ನು ಹೇಳುವುದು ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ ಮಾರುವವರ ಹೊಣೆ. ನಷ್ಟ ಭರ್ತಿಯ ಸಾಲನ್ನು ಎಲ್ಲರೂ ಬರೆಸುತ್ತಾರೆ, ಆದರೆ ಮಾರಿದವರ ಬಳಿ ಹಣವಿದ್ದರಷ್ಟೇ ಅದಕ್ಕೆ ಬೆಲೆ.

ಖಾಸಗಿ ನಿರ್ಬಂಧ ತೆಗೆಸುವ ದಾರಿ ಹಕ್ಕು ಬಿಡುಗಡೆ ಪತ್ರ. ಬರೆದುಕೊಡಬೇಕಾದವರು ಷರತ್ತು ಹಾಕಿದವರಲ್ಲ, ಅದರ ಲಾಭ ಈಗ ಯಾರಿಗಿದೆಯೋ ಅವರು. ಅಡುಗೆಮನೆಯ ಬೆಳಕಿಗಾಗಿ ಷರತ್ತು ಹಾಕಿದವರು ಆ ಮನೆಯನ್ನೂ ಮಾರಿದ್ದರೆ ಈಗಿನ ಮಾಲೀಕರೇ ಸಹಿ ಹಾಕಬೇಕು, ಜಂಟಿ ಖಾತೆಯಾದರೆ ಎಲ್ಲರೂ. ಬಡಾವಣೆಯ ಪರಸ್ಪರ ಷರತ್ತನ್ನು ಹೀಗೆ ತೆಗೆಸುವುದು ಬಹುತೇಕ ಅಸಾಧ್ಯ, ಪ್ರತಿ ಸೈಟುದಾರರೂ ಒಪ್ಪಬೇಕಾಗುತ್ತದೆ.

ನೆರೆಯವರು ಷರತ್ತು ಮುರಿಯುತ್ತಿದ್ದರೆ ತಡಮಾಡಬೇಡಿ. ಪಾಯ ತೋಡಿದ ದಿನವೇ ತಾರೀಖು ಬರುವಂತೆ ಫೋಟೊ ತೆಗೆದು, ವಕೀಲರ ಮೂಲಕ ಪತ್ರದ ಸಾಲನ್ನು ಉದ್ಧರಿಸಿ ನೋಟಿಸು ಕೊಡಿ. ಮಂಜೂರಾದ ನಕ್ಷೆಯನ್ನೂ ಮೀರಿದ್ದರೆ ನಗರ ಸಂಸ್ಥೆಗೆ ಬೇರೆ ದೂರು ಕೊಡಿ. ಎರಡು ದಾರಿಯೂ ಬೇರೆ, ಒಂದನ್ನು ಕಾಯುತ್ತಾ ಇನ್ನೊಂದನ್ನು ಬಿಡಬೇಡಿ. ಆಮೇಲೆ ಸಿವಿಲ್ ನ್ಯಾಯಾಲಯದಲ್ಲಿ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 38ನೇ ಕಲಮಿನಡಿ ಶಾಶ್ವತ ತಡೆ, ಕಟ್ಟಿದ್ದನ್ನು ತೆಗೆಸಲು 39ನೇ ಕಲಮಿನಡಿ ಆಜ್ಞೆ ಕೇಳಬೇಕು. ಮೂರು ಮಹಡಿ ಎದ್ದು ಗೃಹಪ್ರವೇಶ ಆಗುವವರೆಗೆ ನೋಡುತ್ತಿದ್ದವರಿಗೆ ಒಡೆಸುವ ಆಜ್ಞೆ ಸಿಗುವುದು ಕಷ್ಟ. ಅವರು ಒಪ್ಪಿದ್ದರೆಂದೇ ವಾದ ಬರುತ್ತದೆ. ನೀವೂ ಅದೇ ಷರತ್ತು ಮುರಿದಿದ್ದರೆ ದಾವೆ ಹಾಕುವ ಮೊದಲು ಎರಡು ಸಲ ಯೋಚಿಸಿ. ರಸ್ತೆಯ ಅರ್ಧ ಮನೆಗಳಲ್ಲಿ ಈಗಾಗಲೇ ಅಂಗಡಿ ಇದ್ದು ಆಸುಪಾಸಿನ ಸ್ವರೂಪವೇ ಬದಲಾಗಿದ್ದರೂ ನ್ಯಾಯಾಲಯ ಹಿಂಜರಿಯುತ್ತದೆ.

ಕೆಲವೊಮ್ಮೆ ಷರತ್ತು ನಿಜವಾದದ್ದೇ ಅಲ್ಲ, ಹಿಂದಿನ ಪತ್ರದಿಂದ ನಕಲು ಮಾಡುವಾಗ ಬೇರೆ ಸೈಟಿನ ಸಾಲು ಸೇರಿಕೊಂಡಿರುತ್ತದೆ, ಅಡಿ ಅಂಗುಲ ತಪ್ಪಿರುತ್ತದೆ. ಅಂಥದಕ್ಕೆ ಸಾಲುವುದು ತಿದ್ದುಪಡಿ ಪತ್ರ. ಮೂಲ ಪತ್ರಕ್ಕೆ ಸಹಿ ಹಾಕಿದ ಎರಡೂ ಕಡೆಯವರು, ಇಲ್ಲವೇ ಅವರ ವಾರಸುದಾರರು, ಸೇರಿ ಬರೆಯಬೇಕು. ಸ್ವತ್ತಿನ ವಿಸ್ತೀರ್ಣ ಹೆಚ್ಚಾಗುವಂತಿದ್ದರೆ ಅದನ್ನು ತಿದ್ದುಪಡಿ ಎನ್ನದೆ ಹೊಸ ಕ್ರಯವೆಂದು ಎಣಿಸಿ ಹೆಚ್ಚು ಮುದ್ರಾಂಕ ಕೇಳಬಹುದು. ಬಿಡುಗಡೆ ಪತ್ರವಾಗಲಿ, ತಿದ್ದುಪಡಿ ಪತ್ರವಾಗಲಿ ನೋಂದಣಿಯಾದ ಮೇಲೆ ಹೊಸ ಇ.ಸಿ. ತೆಗೆಸಿ, ಅದು ನಿಮ್ಮ ಸ್ವತ್ತಿನ ಸಂಖ್ಯೆಗೇ ಸೇರಿಕೊಂಡಿದೆಯೇ ನೋಡಿ. ಸೂಚಿಯಲ್ಲಿ ಬೇರೆ ಸಂಖ್ಯೆಗೆ ಹತ್ತಿದ್ದರೆ ಮುಂದಿನ ಬಾರಿ ಕಾಗದ ನೋಡುವವರಿಗೆ ಆ ಪತ್ರ ಸಿಗುವುದೇ ಇಲ್ಲ.